ಘಾಟಿ ಹತ್ತಿ ಬಂದ ಪುಸ್ತಕಗಳು

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಬರವಿಲ್ಲ, ಮಳೆಗಂತೂ ಇಲ್ಲವೇ ಇಲ್ಲ. ಮೂಡಿಗೆರೆ, ಕಳಸ, ಚಾರ್ಮಾಡಿ ಘಾಟಿಯ ದಾರಿಗಳು ಕೂಡುವ ಈ ಊರಿನಲ್ಲಿ, ಎಂಬತ್ತರ ದಶಕದಲ್ಲಿ ನಾನು ಹೈಸ್ಕೂಲು ಓದುವಾಗ, ಪುಸ್ತಕದಂಗಡಿ ಮಾತ್ರ ಇರಲಿಲ್ಲ. ನೋಟ್‌ಬುಕ್ಕು, ಕಂಪಾಸು ಪೆಟ್ಟಿಗೆ ದಿನಸಿ ಅಂಗಡಿಯಲ್ಲೇ ಸಿಗುತ್ತಿದ್ದವು. ವಾರಪತ್ರಿಕೆ ಬಸ್ಸಿನಲ್ಲಿ ಬರುತ್ತಿತ್ತು. ಕಥೆ ಪುಸ್ತಕ ಬೇಕೆಂದರೆ ಚಿಕ್ಕಮಗಳೂರಿಗೋ, ಘಾಟಿ ಇಳಿದು ಮಂಗಳೂರಿಗೋ ಹೋಗಬೇಕು. ಶಾಲೆಯ ಇತಿಹಾಸ ಬರೆಯಲು ಬೇರೆ ಹಿರಿಯರಿದ್ದಾರೆ. ನಾನು ಪುಸ್ತಕ ಮಾರಿದವರ ಇತಿಹಾಸವನ್ನು ಇಲ್ಲಿ ಸ್ವಲ್ಪ ಹೇಳುತ್ತೇನೆ.

ಕನ್ನಡದಲ್ಲಿ ಪುಸ್ತಕ ಓದುಗನ ಮನೆ ಬಾಗಿಲಿಗೇ ಬಂದದ್ದು ಗಳಗನಾಥರಿಂದ. ಹಾವೇರಿ ಸೀಮೆಯ ಈ ಕಾದಂಬರಿಕಾರರು (1869–1942) ವೃತ್ತಿಯಿಂದ ಶಾಲಾ ಮಾಸ್ತರರು. ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಶುರುವಾಯಿತು. ಅಲ್ಲಿ ಚಂದಾದಾರರು ಮೊದಲೇ ಹಣ ಕಟ್ಟುತ್ತಿದ್ದರು, ಪುಸ್ತಕ ಆಮೇಲೆ ಬರುತ್ತಿತ್ತು. ಚೀಟಿ ಹಾಕಿ ಗೊತ್ತಿರುವ ನಮ್ಮೂರಿನವರಿಗೆ ಈ ಲೆಕ್ಕ ಬೇಗ ಅರ್ಥವಾದೀತು.

ನಮಗೆ ಹತ್ತಿರದ್ದು ಮಂಗಳೂರಿನ ಅತ್ರಿ ಬುಕ್ ಸೆಂಟರ್. ವಿಜ್ಞಾನ ಲೇಖಕ ಜಿ.ಟಿ. ನಾರಾಯಣ ರಾಯರ ಮಗ ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದ ಅಂಗಡಿ ಅದು. ಅವರು ಕಾಡು ಬೆಟ್ಟ ಸುತ್ತುವ ಚಾರಣಿಗರು, ಯಕ್ಷಗಾನದ ಹುಚ್ಚಿನವರು. ಹಾಗಾಗಿ ಅಲ್ಲಿ ವ್ಯಾಪಾರಕ್ಕಿಂತ ಮಾತು ಹೆಚ್ಚು. ಸರ್ಕಾರದ ಸಗಟು ಖರೀದಿಯನ್ನು ಅವರು ನೇರವಾಗಿ ಟೀಕಿಸಿದರು. ಓದುಗ ಕೈಯಾರೆ ಆರಿಸದ ಪುಸ್ತಕ ಕಪಾಟಿನಲ್ಲೇ ಕೊಳೆಯುತ್ತದೆ, ಪ್ರಕಾಶಕನೂ ಓದುಗನನ್ನು ಮರೆಯುತ್ತಾನೆ ಎಂಬುದು ಆ ವಾದದ ಸಾರವೆಂದು ನಾನು ತಿಳಿದಿದ್ದೇನೆ. ನಮ್ಮ ಶಾಲೆಯ ಕಪಾಟು ನೋಡಿದವರು ಇದನ್ನು ಅಲ್ಲಗಳೆಯಲಾರರು. 2012ರಲ್ಲಿ ಅತ್ರಿ ಮುಚ್ಚಿತು.

ಇನ್ನು ತೇಜಸ್ವಿ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, 'ಪುಸ್ತಕ ಪ್ರಕಾಶನ'ದ ಮೂಲಕ ತಮ್ಮ ಪುಸ್ತಕಗಳನ್ನು ತಾವೇ ಹೊರತಂದವರು. 'ಕರ್ವಾಲೊ' ಬಂದದ್ದು 1980ರಲ್ಲಿ. ಅದರೊಳಗಿನ ಮಂದಣ್ಣನನ್ನು ಓದಿದಾಗ ನಮಗಾದ ಆಶ್ಚರ್ಯವನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ. ನಮ್ಮ ಪಕ್ಕದ ಮನೆಯವರಂತೆ ಮಾತಾಡುವ ಮನುಷ್ಯ ಅಚ್ಚಾಗಿದ್ದ!

ಇದನ್ನು ಯಾಕೆ ಹೇಳಿದೆನೆಂದರೆ, ನಮ್ಮ ತರಗತಿಯಲ್ಲಿ ಮನೆಮಾತು ಕನ್ನಡವಾಗಿದ್ದವರು ಎಲ್ಲರೂ ಅಲ್ಲ. ತುಳು, ಬ್ಯಾರಿ, ಕೊಂಕಣಿ. ತೋಟದ ಲೈನ್‌ಮನೆಗಳಿಂದ ಬರುವವರಲ್ಲಿ ತಮಿಳು, ಮಲಯಾಳ. ಪಠ್ಯಪುಸ್ತಕದ ಕನ್ನಡ ಪರೀಕ್ಷೆಗೆ ಸಾಕಾಗುತ್ತಿತ್ತು, ಬಾಯಿ ಬಿಡಲು ಸಾಲುತ್ತಿರಲಿಲ್ಲ. ಕನ್ನಡ ಮೇಷ್ಟ್ರು ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಕತೆ ಪುಸ್ತಕವನ್ನು ಸರದಿಯ ಮೇಲೆ ಗಟ್ಟಿಯಾಗಿ ಓದಿಸುತ್ತಿದ್ದರು. ಓದಿ ಮುಗಿಸಿದವರು ಅದನ್ನೇ ತಮ್ಮ ಮಾತಿನಲ್ಲಿ ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು. ತಲೆ ತಗ್ಗಿಸಿ ಕೂರುತ್ತಿದ್ದ ಲೈನ್‌ಮನೆಯ ಹುಡುಗಿಯೊಬ್ಬಳು ಎರಡನೇ ವರ್ಷಕ್ಕೆ ತಾಲ್ಲೂಕು ಚರ್ಚಾಸ್ಪರ್ಧೆಯಲ್ಲಿ ನಿಂತು ಮಾತಾಡಿದಳು. ಬಹುಮಾನ ಬರಲಿಲ್ಲ. ಆದರೆ ಮರುವಾರ ಅಪ್ಪನ ಸಂಬಳದ ಲೆಕ್ಕ ತಪ್ಪಾಗಿದೆಯೆಂದು ತೋಟದ ರೈಟರ ಎದುರು ನಿಂತು ಕೇಳಿದ್ದೂ ಅವಳೇ.

ಈಗ ನಮ್ಮೂರಿನಲ್ಲೇ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನವಿದೆ. ದೂರದಿಂದ ಜನ ಹುಡುಕಿಕೊಂಡು ಬರುತ್ತಾರೆ. ನಮ್ಮ ಮಕ್ಕಳು ಮಾತ್ರ ಮೊಬೈಲಿನಲ್ಲಿ ಕೂತಿದ್ದಾರೆ ಎನ್ನುವುದು ಹಿರಿಯರ ಗೊಣಗು. ಕೈಗೆ ಪುಸ್ತಕ ಸಿಗುವ ಜಾಗ ತೋರಿಸದೆ ಗೊಣಗುವುದು ನನಗೆ ಸರಿಯೆನಿಸದು.

ಮಹೋತ್ಸವದ ಉಳಿಕೆ ಹಣದಲ್ಲಿ ಮಹಾದ್ವಾರ ಕಟ್ಟಿಸುವ ಮಾತು ನಡೆದಿದೆ. ನನ್ನ ವಿನಂತಿ ಬೇರೆ. ವರ್ಷಕ್ಕೆರಡು ದಿನ ಚಿಕ್ಕಮಗಳೂರು, ಮಂಗಳೂರಿನ ಪುಸ್ತಕದಂಗಡಿಯವರನ್ನು ಶಾಲೆಗೆ ಕರೆಸೋಣ. ಪ್ರತಿ ಮಗುವಿಗೂ ಒಂದು ಪುಸ್ತಕದಷ್ಟು ಬೆಲೆಯ ಚೀಟಿ ಕೊಡೋಣ. ಯಾವ ಪುಸ್ತಕ ಎಂದು ಮೇಷ್ಟ್ರು ಹೇಳಬಾರದು, ದಾನಿಗಳೂ ಹೇಳಬಾರದು. ಜನವರಿಯಲ್ಲಿ ಇಟ್ಟುಕೊಂಡರೆ ಮಳೆಯ ಭಯವಿಲ್ಲ. ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟದವರ ಕೈಯಲ್ಲೂ ನಾಲ್ಕು ಕಾಸಿರುತ್ತದೆ.