ಚದುರಂಗದ ಯಂತ್ರ: ಎಣಿಕೆಯೂ ಹೊಣೆಯೂ

ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿರುವ ಕಕ್ಕಬೆಯ ನಾಲ್ಕುನಾಡು ಅರಮನೆಯು ವೀರಶೈವ ಮತಾನುಯಾಯಿಗಳಾದ ಹಾಲೇರಿ ಅರಸರ ಸ್ಮಾರಕಗಳಲ್ಲೊಂದು. ದೊಡ್ಡ ವೀರರಾಜೇಂದ್ರನು 1792ರಲ್ಲಿ ಇದನ್ನು ಕಟ್ಟಿಸಿದನು. ಬೆಟ್ಟ ಕಾಡುಗಳ ಮರೆಯಲ್ಲಿರುವ ಈ ಅರಮನೆಯನ್ನು ಕಂಡವರಿಗೆ, ರಾಜನು ಶತ್ರುವಿನ ಕೈಗೆ ಸಿಕ್ಕದಿರಲೆಂಬ ಮುಂದಾಲೋಚನೆಯೇ ಇದರ ಅಡಿಪಾಯವೆಂಬುದು ತಾನಾಗಿ ಹೊಳೆಯುತ್ತದೆ. ಆದರೂ 1834ರಲ್ಲಿ ಚಿಕವೀರರಾಜೇಂದ್ರನಿಗೆ ಯಾವ ಮರೆಯೂ ಉಳಿಯಲಿಲ್ಲ. ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. ರಾಜನಿಗೆ ಸರಿಯಲು ಒಂದು ಮನೆಯೂ ಇಲ್ಲದಂತೆ ಮುತ್ತಿದಾಗ ಆಟ ಮುಗಿಯಿತೆಂಬ ಚದುರಂಗದ ನಿಯಮ ಇಲ್ಲಿ ನೆನಪಿಗೆ ಬರುತ್ತದೆ. ಆ ನಿಯಮವನ್ನು ಯಂತ್ರವೊಂದಕ್ಕೆ ಕಲಿಸಿದ ವಿಜ್ಞಾನಿಯೊಬ್ಬರ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಚದುರಂಗವು ಕನ್ನಡನಾಡಿಗೆ ಹೊಸದಲ್ಲ. ಮುಂದೆ ಬಸವಣ್ಣನವರ ಕಾರ್ಯಕ್ಷೇತ್ರವಾದ ಕಲ್ಯಾಣದಿಂದಲೇ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು, 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಈ ಆಟವನ್ನು ವರ್ಣಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ರಾಜ್ಯಭಾರವಿಲ್ಲದ ಆ ದೊರೆ ಸಾಹಿತ್ಯ ಕಲೆಗಳಿಗೆ ಆಶ್ರಯವಿತ್ತುದಲ್ಲದೆ, ಕುದುರೆಯು ಯಾವ ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿದರು. ಇದು ಕೇವಲ ವಿನೋದವಲ್ಲ, ಶುದ್ಧ ಗಣಿತ. ಆದರೆ ಅಂದಿನ ಎಣಿಕೆಯೆಲ್ಲ ಮನುಷ್ಯನ ಮನಸ್ಸಿನಲ್ಲಿಯೇ ನಡೆಯಬೇಕಾಗಿದ್ದಿತು.

ಆ ಎಣಿಕೆಯನ್ನು ಯಂತ್ರಕ್ಕೆ ಒಪ್ಪಿಸಿದವರಲ್ಲಿ ಮೊದಲಿಗರು ಡೀಟ್ರಿಕ್ ಪ್ರಿನ್ಸ್. 1903ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಇವರು, ಪ್ಲಾಂಕ್ ಮತ್ತು ಐನ್‌ಸ್ಟೈನರು ಬೋಧಿಸುತ್ತಿದ್ದ ಕಾಲದಲ್ಲಿ ಅಲ್ಲಿಯೇ ವ್ಯಾಸಂಗ ಮಾಡಿದರು. ಅನಂತರ ಇಂಗ್ಲೆಂಡಿಗೆ ಹೋಗಿ ಫೆರಾಂಟಿ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯು ತಯಾರಿಸಿದ 'ಮಾರ್ಕ್ 1' ಗಣಕಯಂತ್ರವು 1951ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದಿತು. ಯಂತ್ರವು ಯಾವ ಕೆಲಸವನ್ನು ಯಾವ ಅನುಕ್ರಮದಲ್ಲಿ ಮಾಡಬೇಕೆಂದು ಬರೆದುಕೊಡುವ ಕ್ರಮವಿಧಿಯೇ ಪ್ರೋಗ್ರಾಂ. ಈ ವಿದ್ಯೆಯನ್ನು ಪ್ರಿನ್ಸರು ಅಲನ್ ಟ್ಯೂರಿಂಗರ ಮತ್ತು ಸಿಸಿಲಿ ಪಾಪಲ್‌ವೆಲ್ಲರ ಪಾಠಗಳಿಂದ ಕಲಿತರು. ಮುಂದೆ ಇತರರಿಗಾಗಿ ಕೈಪಿಡಿಯನ್ನೂ ಬರೆದರು.

1951ರ ನವೆಂಬರಿನಲ್ಲಿ ಅವರ ಚದುರಂಗದ ಕ್ರಮವಿಧಿಯು ಯಂತ್ರದ ಮೇಲೆ ನಡೆಯಿತು. ಪೂರ್ತಿ ಆಟವನ್ನಾಡುವ ಸಾಮರ್ಥ್ಯ ಆ ಯಂತ್ರಕ್ಕೆ ಇರಲಿಲ್ಲ. ಆದುದರಿಂದ, ಎರಡೇ ನಡೆಗಳಲ್ಲಿ ಎದುರಾಳಿಯ ರಾಜನನ್ನು ಕಟ್ಟಿಹಾಕುವ ಸಮಸ್ಯೆಯನ್ನು ಮಾತ್ರ ಅವರು ಆರಿಸಿಕೊಂಡರು. ಯಂತ್ರವು ತನ್ನ ಒಂದೊಂದು ನಡೆಯನ್ನೂ, ಅದಕ್ಕೆ ಎದುರಾಳಿಯ ಒಂದೊಂದು ಉತ್ತರವನ್ನೂ, ಮತ್ತೆ ತನ್ನ ಮರುನಡೆಯನ್ನೂ ಸಾಲಾಗಿ ಪರೀಕ್ಷಿಸುತ್ತಿದ್ದಿತು. ರಾಜನು ತಪ್ಪಿಸಿಕೊಳ್ಳಬಲ್ಲನೆಂದು ಕಂಡರೆ ಆ ದಾರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದಿತು. ಪಳಗಿದ ಆಟಗಾರನು ಒಂದು ನೋಟದಲ್ಲಿ ತಳ್ಳಿಹಾಕುವ ನಡೆಗಳನ್ನೂ ಅದು ಬಿಡದೆ ಎಣಿಸುತ್ತಿದ್ದುದರಿಂದ ಉತ್ತರಕ್ಕೆ ಸುಮಾರು 15 ನಿಮಿಷ ಹಿಡಿಯಿತು.

ಯಂತ್ರದ ಮಿತಿಯನ್ನರಿತು ಪ್ರಿನ್ಸರು ಆಟದ ನಿಯಮಗಳನ್ನೂ ಸರಳಗೊಳಿಸಿದರು. ರಾಜನು ಆನೆಯೊಡನೆ ಕೋಟೆ ಕಟ್ಟುವ ನಡೆ, ಕಾಲಾಳು ಮೊದಲಿಗೆ ಎರಡು ಮನೆ ಮುಂದೆ ಹೋಗುವುದು, ಕಾಲಾಳಿಗೆ ಬಡ್ತಿ, ಇವೆಲ್ಲವನ್ನೂ ಕೈಬಿಟ್ಟರು. ಸೋಜಿಗವೆಂದರೆ, ನಮ್ಮ ಹಿಂದಿನ ಸಾಂಪ್ರದಾಯಿಕ ಆಟದಲ್ಲಿಯೂ ಕಾಲಾಳು ಒಂದೊಂದೇ ಮನೆ ಸಾಗುತ್ತಿದ್ದಿತು. ಪಾಶ್ಚಾತ್ಯ ರೀತಿಯ ಕೋಟೆಯೂ ಇರಲಿಲ್ಲ.

ಟ್ಯೂರಿಂಗರೂ ಒಂದು ಕ್ರಮವಿಧಿಯನ್ನು ರಚಿಸಿದ್ದರು. 1952ರಲ್ಲಿ ತಾವೇ ಯಂತ್ರದ ಸ್ಥಾನದಲ್ಲಿ ಕುಳಿತು, ಕಾಗದದ ಮೇಲೆ ಲೆಕ್ಕ ಹಾಕುತ್ತಾ ಆಡಿ, ಅಲಿಕ್ ಗ್ಲೆನಿಯವರಿಗೆ ಸೋತರು. 1956ರಲ್ಲಿ ಅಮೆರಿಕದ ಲಾಸ್ ಅಲಮಾಸ್‌ನಲ್ಲಿ 'ಮೇನಿಯಾಕ್' ಯಂತ್ರವು ಒಂಟೆಗಳಿಲ್ಲದ, 36 ಮನೆಗಳ ಹಲಗೆಯ ಮೇಲೆ ಆಡಿತು. 1989ರಲ್ಲಿ ಪ್ರಿನ್ಸರು ತೀರಿಕೊಂಡರು. ಅದಾದ ಎಂಟು ವರ್ಷಗಳಿಗೆ, 1997ರ ಮೇ ತಿಂಗಳಿನಲ್ಲಿ, 'ಡೀಪ್ ಬ್ಲೂ' ಯಂತ್ರವು ವಿಶ್ವವಿಜೇತ ಕಾಸ್ಪರೋವರನ್ನು ಪಂದ್ಯದಲ್ಲಿ ಸೋಲಿಸಿತು.

ಹಾಗಾದರೆ ಯಂತ್ರವು ಅರಿವನ್ನು ಪಡೆಯಿತೆ? ಈ ಪ್ರಶ್ನೆಗೆ ಮೊದಲ ಕ್ರಮವಿಧಿಯಲ್ಲಿಯೇ ಒಂದು ಸೂಚನೆಯಿದೆ. ನಡೆಗಳನ್ನು ಎಣಿಸಿದುದು ಯಂತ್ರ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ನಿಶ್ಚಯಿಸಿದವರು ಪ್ರಿನ್ಸ್. ಯಂತ್ರದ ಪಾಲಿಗೆ ರಾಜನೆಂಬುದು ಒಂದು ಅಂಕೆ. ಆ ಅಂಕೆ ಅಳಿದರೆ ಅದಕ್ಕೆ ದುಃಖವಿಲ್ಲ, ಪಶ್ಚಾತ್ತಾಪವೂ ಇಲ್ಲ. ಆದರೆ 1834ರಲ್ಲಿ ಕೊಡಗಿನಲ್ಲಿ ಅಳಿದುದು ಅಂಕೆಯಲ್ಲ, ಒಂದು ರಾಜ್ಯ. ಅರಸರು ಇಟ್ಟ ಒಂದೊಂದು ತಪ್ಪುಹೆಜ್ಜೆಯ ಫಲವನ್ನೂ ಪ್ರಜೆಗಳು ಉಣ್ಣಬೇಕಾಯಿತು.

ಇಂದು ಎಷ್ಟೋ ತೀರ್ಮಾನಗಳನ್ನು ನಾವು ಗಣಕಯಂತ್ರಗಳಿಗೆ ಒಪ್ಪಿಸುತ್ತಿದ್ದೇವೆ. ಅದು ತಪ್ಪೇನೂ ಅಲ್ಲ. ಎಣಿಕೆಯ ಶ್ರಮವನ್ನು ಯಂತ್ರ ಹೊರಲಿ. ಆದರೆ ಶರಣರು ಅರಿವನ್ನು ಆಚಾರದಿಂದ ಬೇರ್ಪಡಿಸಲಿಲ್ಲ. ತಿಳಿದವನು ತನ್ನ ನಡೆಗೆ ತಾನೇ ಹೊಣೆಯೆಂದು ಬಗೆದರು. ಆ ಹೊಣೆಯನ್ನು ಹೊರಬಲ್ಲ ಯಂತ್ರವಿಲ್ಲ. ಕಾಯಿಗಳನ್ನು ಯಾರೇ ನಡೆಸಲಿ, ನಡೆಗೆ ಉತ್ತರ ಹೇಳಬೇಕಾದವನು ಮನುಷ್ಯನೇ.