ಒಲೆಯ ಹೊಗೆ ಮತ್ತು ಎಂಫಿಸಿಮಾ: ಧೂಮಪಾನಿಯ ಶ್ವಾಸಕೋಶದಾಚೆಗಿನ ಕಾಯಿಲೆ

ಎಂಫಿಸಿಮಾದ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲು ಸಿಗರೇಟು ಸೇದಿದವರ, ಅದರಲ್ಲೂ ಗಂಡಸರ, ಶ್ವಾಸಕೋಶಗಳನ್ನು ನೋಡಿ ಕಟ್ಟಿದ್ದು. ಸೌದೆ, ಬೆರಣಿ, ತೆಂಗಿನ ಗರಿ ಉರಿಸುತ್ತ ಅರ್ಧ ಆಯುಷ್ಯ ಕಳೆದ ಹೆಂಗಸರ ದಮ್ಮಿನ ಕಾಯಿಲೆಯನ್ನು ಅದೇ ಅಳತೆಗೋಲಿನಿಂದ ಅಳೆದರೆ ಬಹಳಷ್ಟು ಕೈತಪ್ಪುತ್ತದೆ ಎಂಬುದು ಈ ಲೇಖನದ ವಾದ.

ಗಾಳಿಗೂಡುಗಳ ತೆಳುಗೋಡೆಗಳು ಹರಿದು, ನೂರಾರು ಪುಟ್ಟ ಗೂಡುಗಳಿದ್ದ ಜಾಗದಲ್ಲಿ ಕೆಲವೇ ದೊಡ್ಡ ಪೊಳ್ಳುಗಳು ಉಳಿಯುವುದೇ ಎಂಫಿಸಿಮಾ. ಫ್ರಾನ್ಸಿನ ರೆನೆ ಲೆನೆಕ್ 1819ರಲ್ಲೇ ಇದನ್ನು ವಿವರವಾಗಿ ಬಣ್ಣಿಸಿದ್ದ. ಗೋಡೆ ಹರಿದಾಗ ಎರಡು ನಷ್ಟಗಳಾಗುತ್ತವೆ: ಆಮ್ಲಜನಕ ರಕ್ತಕ್ಕೆ ಸೇರುವ ಮೇಲ್ಮೈ ಕುಗ್ಗುತ್ತದೆ, ಕಿರುನಾಳಗಳನ್ನು ಸುತ್ತಲಿಂದ ಎಳೆದು ತೆರೆದಿಡುತ್ತಿದ್ದ ಬಿಗಿ ಸಡಿಲವಾಗಿ, ಉಸಿರು ಬಿಡುವಾಗ ಅವು ಮುಚ್ಚಿಕೊಳ್ಳುತ್ತವೆ. ಒಳಹೋದ ಗಾಳಿ ಅಲ್ಲೇ ಉಳಿಯುತ್ತದೆ.

ಗೋಡೆ ಹರಿಯುವುದೇಕೆ ಎಂಬುದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಸ್ವೀಡನ್ನಿನ ಮಾಲ್ಮೊದಲ್ಲಿ. 1963ರಲ್ಲಿ ಲಾರೆಲ್ ಮತ್ತು ಎರಿಕ್ಸನ್ ರಕ್ತದ್ರವದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವಾಗ ಕೆಲವರಲ್ಲಿ ಆಲ್ಫಾ-1 ಪಟ್ಟಿಯೇ ಇಲ್ಲದ್ದನ್ನು ಗಮನಿಸಿದರು. ಅಂಥ ಐವರಲ್ಲಿ ಮೂವರಿಗೆ ಶ್ವಾಸಕೋಶದ ತೀವ್ರ ಕಾಯಿಲೆಯಿತ್ತು. ಕೆಲವೇ ವರ್ಷಗಳೊಳಗೆ ಪಾಲ್ ಗ್ರಾಸ್ ಮತ್ತು ಸಂಗಡಿಗರು ಪರಂಗಿ ಹಾಲಿನಿಂದ ಬರುವ ಪಪೈನ್ ಕಿಣ್ವವನ್ನು ಇಲಿಗಳ ಶ್ವಾಸಕೋಶಕ್ಕೆ ಹಾಕಿ ಎಂಫಿಸಿಮಾ ಉಂಟುಮಾಡಿ ತೋರಿಸಿದರು. ಪ್ರೋಟೀನು ಕತ್ತರಿಸುವ ಕಿಣ್ವಗಳು ಒಂದೆಡೆ, ಅವನ್ನು ತಡೆಯುವ, ಆ ಐವರಲ್ಲಿ ಕೊರತೆಯಿದ್ದ ಆಂಟಿಟ್ರಿಪ್ಸಿನ್‌ನಂಥ ಕಾವಲು ಪ್ರೋಟೀನುಗಳು ಇನ್ನೊಂದೆಡೆ. ಇವುಗಳ ಸಮತೋಲ ತಪ್ಪಿದಾಗ ಗೂಡಿನ ಗೋಡೆಗೆ ಹಿಗ್ಗಿ ಕುಗ್ಗುವ ಗುಣ ಕೊಡುವ ಇಲಾಸ್ಟಿನ್ ನಾರು ತುಂಡಾಗುತ್ತದೆ ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. 1997ರಲ್ಲಿ ಮ್ಯಾಕ್ರೊಫೇಜ್ ಇಲಾಸ್ಟೇಸ್ ಎಂಬ ಅಂಥದೊಂದು ಕಿಣ್ವ ಇಲ್ಲದ ಇಲಿಗಳಿಗೆ ದೀರ್ಘಕಾಲ ಸಿಗರೇಟಿನ ಹೊಗೆ ಕೊಟ್ಟರೂ ಎಂಫಿಸಿಮಾ ಬರಲಿಲ್ಲವೆಂದು ಕಂಡುಬಂದದ್ದು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಇದು ಇಪ್ಪತ್ತನೆಯ ಶತಮಾನದ ವೈದ್ಯಕೀಯ ಸಂಶೋಧನೆಯ ಅತ್ಯುತ್ತಮ ಅಧ್ಯಾಯಗಳಲ್ಲೊಂದು ಎಂದು ನಾನು ನಂಬುತ್ತೇನೆ. ಆದರೆ ಅದರ ಉದ್ದಕ್ಕೂ ಹೊಗೆಯೆಂದರೆ ಹೆಚ್ಚುಕಡಿಮೆ ತಂಬಾಕಿನ ಹೊಗೆಯೇ. ಕಾಯಿಲೆ ಹೇಗೆ ಮುಂದುವರಿಯುತ್ತದೆಂದು ತೋರಿಸಲು ಇಂದಿಗೂ ಪಠ್ಯಪುಸ್ತಕಗಳಲ್ಲಿ ಅಚ್ಚಾಗುವ ಫ್ಲೆಚರ್ ಮತ್ತು ಪೀಟೊ ಅವರ 1977ರ ರೇಖಾಚಿತ್ರಕ್ಕೆ ಆಧಾರವಾದವರು ಲಂಡನ್ನಿನ 792 ಮಂದಿ ದುಡಿಯುವ ಗಂಡಸರು. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಒಲೆಯ ಹೊಗೆಯ ಚಿತ್ರ ಬೇರೆ. ಮೆಕ್ಸಿಕೊದಲ್ಲಿ ಸೌದೆ ಹೊಗೆಯಿಂದ ಸಿಒಪಿಡಿ (ಎಂಫಿಸಿಮಾವನ್ನೂ ಒಳಗೊಂಡ, ಶ್ವಾಸನಾಳಗಳ ದೀರ್ಘಕಾಲದ ಅಡಚಣೆಯ ಕಾಯಿಲೆ) ಬಂದವರ ಮತ್ತು ತಂಬಾಕಿನಿಂದ ಬಂದವರ ಶ್ವಾಸಕೋಶಗಳನ್ನು ಹೋಲಿಸಿದಾಗ, ಮೊದಲನೆಯ ಗುಂಪಿನಲ್ಲಿ ಎಂಫಿಸಿಮಾ ಕಡಿಮೆ. ಕಿರುನಾಳಗಳ ಸುತ್ತ ಗಾಯದ ಕಲೆ, ಕಪ್ಪು ಮಸಿ ಹೆಚ್ಚು. 2014ರಲ್ಲಿ ಹೆಂಗಸರ ಸಿ.ಟಿ. ಚಿತ್ರಗಳನ್ನು ಪರಿಶೀಲಿಸಿದವರೂ ಇದನ್ನೇ ಕಂಡರು: ಪೊಳ್ಳು ಕಡಿಮೆ, ಸಿಕ್ಕಿಬಿದ್ದ ಗಾಳಿ ಹೆಚ್ಚು. ಅಂದರೆ ಪೆಟ್ಟು ಮುಖ್ಯವಾಗಿ ಬಿದ್ದಿರುವುದು ಗೂಡಿಗಲ್ಲ, ಗೂಡಿಗೆ ಹೋಗುವ ದಾರಿಗೆ.

ಚಿಕಿತ್ಸೆಯ ಕೋಣೆಯಲ್ಲಿ ಇದರ ಬೆಲೆ ದೊಡ್ಡದು. ಒಲೆಯ ಹೊಗೆ ಕುಡಿದು ದಮ್ಮು ಹತ್ತಿದ ಹೆಂಗಸಿನ ಸಿ.ಟಿ.ಯಲ್ಲಿ ಎಂಫಿಸಿಮಾ ಎದ್ದು ಕಾಣುವುದಿಲ್ಲ, ಬೀಡಿ ಸಿಗರೇಟಿನ ಚರಿತ್ರೆಯಿಲ್ಲ. ಹೀಗಾಗಿ ಆಕೆಯ ಕಾಯಿಲೆಗೆ ಆಸ್ತಮಾ ಎಂದೋ ವಯಸ್ಸಾದ ಆಯಾಸವೆಂದೋ ಹೆಸರು ಬೀಳುವುದು ಸುಲಭ. ಎಂಫಿಸಿಮಾಕ್ಕೆಂದೇ ರೂಪುಗೊಂಡ ಚಿಕಿತ್ಸೆಗಳೂ ಆಕೆಗೆ ಅಷ್ಟಾಗಿ ಒದಗುವುದಿಲ್ಲ. ಹಾಳಾದ ಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದಲ್ಲಿ 1,218 ರೋಗಿಗಳ ಮೇಲೆ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಸ್ಪಷ್ಟ ಲಾಭ ಕಂಡದ್ದು ಮೇಲ್ಭಾಗದಲ್ಲಿ ಎಂಫಿಸಿಮಾ ದಟ್ಟವಾಗಿದ್ದು ದೈಹಿಕ ಶಕ್ತಿ ಕುಂದಿದ್ದವರಲ್ಲಿ. ಆಕೆಯ ಕಾಯಿಲೆಯನ್ನು ಹಿಡಿಯಲು ಬೇಕಾದದ್ದು ಸ್ಪೈರೋಮೀಟರ್: ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ, ಔಷಧಿ ಕೊಟ್ಟ ಮೇಲೂ, ಒಟ್ಟು ಊದಿದ ಗಾಳಿಯ ಶೇ. 70ಕ್ಕಿಂತ ಕಡಿಮೆಯಿದ್ದರೆ ನಾಳದ ಅಡಚಣೆ ಇದೆಯೆಂದರ್ಥ. ಈ ಉಪಕರಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು. ದೊಡ್ಡಾಸ್ಪತ್ರೆಯ ಸಿ.ಟಿ. ಯಂತ್ರ ಅದರ ಕೆಲಸ ಮಾಡಲಾರದು.

ಹೊಗೆಯ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಗುತ್ತದೆ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ ಎಂಬುದನ್ನು ಗುಣಿಸಿದರೆ ಸಿಗುವ ಸೂಚ್ಯಂಕವನ್ನು ಭಾರತದ ಸಂಶೋಧಕರು ಬಳಸುತ್ತ ಬಂದಿದ್ದಾರೆ. ಮೈಸೂರಿನ ಗ್ರಾಮಾಂತರದಲ್ಲಿ ಪಿ.ಎ. ಮಹೇಶ್ ಮತ್ತು ಸಹೋದ್ಯೋಗಿಗಳು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಸೂಚ್ಯಂಕ 60 ಮುಟ್ಟಿದಾಗ ಹೆಂಗಸರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಗಣನೀಯವಾಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60 ಆಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತೆಂಟರಲ್ಲೇ ಆ ಗಡಿ ತಲುಪುತ್ತಾಳೆ.

ಒಲೆ ಬದಲಿಸಿದರೆ ಕಾಯಿಲೆ ತಡೆಯಬಹುದೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಚಿಮಣಿಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ದಶಕಗಳೇ ಕಳೆದಿವೆ. ಗ್ವಾಟೆಮಾಲಾದಲ್ಲಿ ಚಿಮಣಿ ಒಲೆ ಕೊಟ್ಟು ನಡೆಸಿದ ಪ್ರಯೋಗದಲ್ಲಿ ಹೆಂಗಸರ ಗೂರಲು ತಗ್ಗಿತು. ಆದರೆ ಒಂದೂವರೆ ವರ್ಷದೊಳಗೆ ಊದುವ ಶಕ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇಂಧನ ಮತ್ತು ಗಾಳಿಯಾಟ ಎರಡನ್ನೂ ಸುಧಾರಿಸಿ ಒಂಬತ್ತು ವರ್ಷ ಕಾದವರಿಗೆ ಮಾತ್ರ ಶ್ವಾಸಶಕ್ತಿಯ ಇಳಿಕೆ ನಿಧಾನವಾದದ್ದು ಕಂಡಿತು. ದಶಕಗಳಲ್ಲಿ ಬೆಳೆದ ಹಾನಿಯನ್ನು ಒಂದೆರಡು ವರ್ಷದ ಪ್ರಯೋಗದಿಂದ ಅಳೆಯಹೊರಟು, ಫಲವಿಲ್ಲವೆಂದು ಕೈಬಿಡುವುದು ನನಗೆ ಒಪ್ಪಿತವಲ್ಲ.

ನಮ್ಮ ಹಳ್ಳಿಗಳಲ್ಲಿ ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಯ ಕೆಳಗೆ ಸೌದೆಯೇ ಉರಿಯುವುದುಂಟು. ‘ಅಡುಗೆಗೆ ಯಾವ ಇಂಧನ?’ ಎಂದು ಕೇಳುವ ಪ್ರಶ್ನಾವಳಿ ಈ ಹೊಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಾಯಿಯ ಪಕ್ಕ ಕೂತ ಹುಡುಗಿಯನ್ನೂ ಅದು ಕೇಳುವುದಿಲ್ಲ. 2015ರಲ್ಲಿ ಲಾಂಗೆ ಮತ್ತು ಸಂಗಡಿಗರು ತೋರಿಸಿದಂತೆ, ಸಿಒಪಿಡಿ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಶ್ವಾಸಶಕ್ತಿ ಯೌವನದಲ್ಲೇ ಸಹಜ ಎತ್ತರ ಮುಟ್ಟಿರಲಿಲ್ಲ. ಹಾಗಾಗಿ ಸೂಚ್ಯಂಕದ ಎಣಿಕೆ ಮದುವೆಯ ವರ್ಷದಿಂದಲ್ಲ, ತವರಿನ ಒಲೆಯಿಂದಲೇ ಶುರುವಾಗಬೇಕು. ಹಂಡೆಯ ಉರಿಯ ಗಂಟೆಗಳೂ ಅದರಲ್ಲಿ ಸೇರಬೇಕು.