ಒಲ್ಲೆನೆಂದ ಅಜ್ಜಿ

2014ರ ಶ್ರಾವಣದಲ್ಲಿ ನಮ್ಮಮ್ಮನ ಎಡಗಾಲಿನ ಕಿರುಬೆರಳು ಕಪ್ಪಿಟ್ಟಿತು. ಸಕ್ಕರೆ ಕಾಯಿಲೆ ಹಳೆಯದು. ಬಸವೇಶ್ವರನಗರದ ಮನೆಯಿಂದ ಆಟೋದಲ್ಲಿ ಕರೆದೊಯ್ದ ಮೊದಲ ಆಸ್ಪತ್ರೆಯಲ್ಲಿ, ಮಂಡಿಯ ಕೆಳಗೆ ಕಾಲು ತೆಗೆಯುವುದೇ ಕ್ಷೇಮ ಎಂದರು. "78 ವರ್ಷ ನನ್ನನ್ನು ಹೊತ್ತ ಕಾಲು. ಇದನ್ನು ಬಿಟ್ಟು ಮನೆಗೆ ಬರೋದಿಲ್ಲ ಕಣೇ" ಎಂದು ಅಮ್ಮ ಹಟ ಹಿಡಿದಳು. ಓದದವರ ಮೊಂಡುತನ ಎಂದು ಗದರಿದೆ.

ಮಕ್ಕಳಿಗೆ ಚರಿತ್ರೆ ಪಾಠ ಹೇಳುವ ನನಗೆ, ಇಂಥದ್ದೇ ಒಂದು ಹಟದಿಂದ ಹೊಸ ವೈದ್ಯವಿದ್ಯೆಯೊಂದು ಶುರುವಾಗಿತ್ತೆಂಬುದು ಆಗ ಗೊತ್ತಿರಲಿಲ್ಲ.

ಬೀಜ ಬಿದ್ದದ್ದು 1929ರಲ್ಲಿ, ಜರ್ಮನಿಯಲ್ಲಿ. ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನ ತೋಳಿನ ರಕ್ತನಾಳಕ್ಕೆ ತೆಳು ನಳಿಕೆ ತೂರಿಸಿಕೊಂಡು, ಹಾಗೆಯೇ ಎಕ್ಸ್‌ರೇ ಕೋಣೆಗೆ ನಡೆದು, ಅದು ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದ. ಮೊದಲು ಸಿಕ್ಕಿದ್ದು ಬೈಗುಳ. ನೊಬೆಲ್ ಬಂದದ್ದು 1956ರಲ್ಲಿ.

ಇನ್ನು ನಮ್ಮ ಅಜ್ಜಿಯ ಕಥೆ. ಅಮೆರಿಕದ ಪೋರ್ಟ್‌ಲೆಂಡ್, 1964ರ ಜನವರಿ 16. ವಯಸ್ಸು 82, ಪಾದ ಕೊಳೆಯತೊಡಗಿತ್ತು, ಕತ್ತರಿಸಲು ಆಕೆ ಸುತರಾಂ ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಚಾರ್ಲ್ಸ್ ಡಾಟರ್‌ನ ಬಳಿಗೆ ಕಳಿಸಿದರು. ಅವನು ಶಸ್ತ್ರವೈದ್ಯನಲ್ಲ, ಎಕ್ಸ್‌ರೇ ತಜ್ಞ. ಪರದೆಯ ಮೇಲೆ ನೋಡುತ್ತ, ತೊಡೆಯ ರಕ್ತನಾಳದ ಕಿರಿದಾದ ಜಾಗದಲ್ಲಿ ತಂತಿ ತೂರಿಸಿದ. ತಂತಿಯ ಮೇಲೆ ನಳಿಕೆ, ಅದರ ಮೇಲೆ ಇನ್ನೂ ದಪ್ಪನೆಯದು. ದಾರಿ ತೆರೆಯಿತು, ಪಾದ ಬೆಚ್ಚಗಾಯಿತು. ಅಜ್ಜಿ ಎರಡು ವರ್ಷಕ್ಕೂ ಮೀರಿ ಸ್ವಂತ ಕಾಲಿನ ಮೇಲೆ ನಡೆದಾಡಿದಳು.

ಶಸ್ತ್ರವೈದ್ಯರು ನಂಬಲೇ ಇಲ್ಲ. ಒಬ್ಬರಂತೂ ಡಾಟರ್‌ಗೆ ಕಳಿಸಿದ ಚೀಟಿಯಲ್ಲಿ, ಚಿತ್ರ ತೆಗೆಯಿರಿ, ರಿಪೇರಿಗೆ ಕೈಹಾಕಬೇಡಿ ಎಂದು ಬರೆದಿದ್ದರಂತೆ! (ನಮ್ಮ ಸ್ಟಾಫ್ ರೂಮಿನಲ್ಲೂ ಇಂಥ ಚೀಟಿಗಳು ಓಡಾಡುತ್ತವೆ.) 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ನಳಿಕೆಯ ತುದಿಗೆ ಪುಟ್ಟ ಬಲೂನು ಕಟ್ಟಿ ಹೃದಯದ ನಾಳವನ್ನೇ ಹಿಗ್ಗಿಸಿದ ಮೇಲೆ ಬಾಯಿಗಳು ಮುಚ್ಚತೊಡಗಿದವು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಹುಟ್ಟಿ ಬನ್ನೇರುಘಟ್ಟ ರಸ್ತೆಗೆ ಬಂದ ಜಯದೇವ ಸಂಸ್ಥೆಯಿಂದಾಗಿ, ಈ ಬಲೂನಿನ ಮಾತು ನಮ್ಮ ಬೀದಿಯ ಸೊಪ್ಪಿನವಳ ಬಾಯಲ್ಲೂ ಇದೆ.

ಅಮ್ಮನನ್ನು ಇನ್ನೊಂದು ಆಸ್ಪತ್ರೆಗೆ ಕರೆದೊಯ್ದೆ. ಎಲ್ಲರ ಕಾಲೂ ಉಳಿಯುವುದಿಲ್ಲ, ತಂತಿ ನುಸುಳುವಷ್ಟಾದರೂ ದಾರಿ ಸಿಗಬೇಕು ಎಂದು ಅಲ್ಲಿನ ಡಾಕ್ಟರು ಮೊದಲೇ ಹೇಳಿದರು. ತೊಡೆಯ ಸಂದಿಗೆ ಮಾತ್ರ ಮರಗಟ್ಟುವ ಸೂಜಿ. ಅಮ್ಮ ಎಚ್ಚರವಾಗಿದ್ದು ಟೀವಿ ನೋಡುವಂತೆ ತನ್ನ ಕಾಲನ್ನು ತಾನೇ ನೋಡಿದಳು. "ಒಣಗಿದ ಕಾಲುವೆಗೆ ನೀರು ಬಿಟ್ಟ ಹಾಗಿತ್ತು" ಎಂದಳು. ಬೆರಳು ಹೋಯಿತು, ಪಾದ ಉಳಿಯಿತು.

ಡಾಟರ್‌ನ ವಿಚಾರ ಓದಿದ್ದು ಆ ಬಳಿಕ. ಅಮ್ಮನಿಗೂ ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡು, ತಲೆಯೆತ್ತದೆ ಕೇಳಿದಳು: "ಪಾಪ, ಆ ಅಜ್ಜಿಗೆ ಗದರೋಕೆ ಮಗಳಿರಲಿಲ್ವೇನೇ?"